ಬೆಕ್ಕಿರುವ ಮನೆಯಲ್ಲಿ ಅಲಂಕಾರಿಕ ಜೇಕು

ಕುಂಡಗಳಲ್ಲಿ ಬೆಳೆಸುವ, ಹುಲ್ಲಿನಂತೆ ಕಾಣುವ ಅಲಂಕಾರಿಕ ಜೇಕಿನ ಗಿಡಗಳು, ಅಂದರೆ ಕೇರೆಕ್ಸ್ ಕುಲದವು, ಬೆಕ್ಕಿಗೆ ವಿಷಕಾರಿ ಎಂದು ಪರಿಗಣಿತವಾಗಿಲ್ಲ. ಅದೇ ಕುಟುಂಬದ ಸೈಪರಸ್‌ನ ಕೆಲವು ತಳಿಗಳನ್ನು ಬೆಕ್ಕಿನ ಹುಲ್ಲೆಂದೇ ಮಾರುವುದೂ ಉಂಟು. ಆದ್ದರಿಂದ ಗಮನಿಸಬೇಕಾದದ್ದು ಬೇರೆ ಸಂಗತಿಗಳನ್ನು: ತಂದ ಗಿಡ ನಿಜವಾಗಿಯೂ ಜೇಕೇ ಹೌದೇ, ಅದರ ಎಲೆಯ ಅಂಚು ಎಷ್ಟು ಹರಿತ, ಕುಂಡಕ್ಕೆ ಏನೇನು ಹಾಕಲಾಗಿದೆ.

ಮೊದಲು ಗುರುತು ಖಚಿತವಾಗಲಿ. ಹೂವಿನ ಕಾಂಡವಿದ್ದರೆ ಅದನ್ನು ಎರಡು ಬೆರಳುಗಳ ನಡುವೆ ಹೊರಳಿಸಿ ನೋಡಿರಿ. ಜೇಕಿನ ಕಾಂಡ ಸಾಮಾನ್ಯವಾಗಿ ಮುಮ್ಮೂಲೆಯಾಗಿ, ಒಳಗೆ ಗಟ್ಟಿಯಾಗಿರುತ್ತದೆ. ಕಾಂಡ ಕಾಣದಿದ್ದರೆ ಬುಡವನ್ನು ಮೇಲಿನಿಂದ ನೋಡಬೇಕು: ಜೇಕಿನ ಎಲೆಗಳು ಮೂರು ಸಾಲಾಗಿ ಹೊರಡುತ್ತವೆ. ಎಲೆಗಳು ಎರಡೇ ಸಾಲಾಗಿ ಬೀಸಣಿಗೆಯಂತೆ ಹರಡಿದ್ದು, ಹಿಸುಕಿದರೆ ಸುವಾಸನೆ ಬರುವುದಾದರೆ ಅದು ಬಜೆಯ ಜಾತಿಯ ಗಿಡವಿರಬಹುದು. ಬೆಕ್ಕು ಮೇಯಲು ಅದು ತಕ್ಕದ್ದಲ್ಲ. ಹಾಗೆಯೇ ಬೀಸಣಿಗೆಯಾಗಿ ಬೆಳೆಯುವ ಡೇಲಿಲಿ ಎಂಬ ಹೂಗಿಡವಂತೂ ಬೆಕ್ಕಿನ ಮೂತ್ರಪಿಂಡಗಳನ್ನೇ ಕೆಡಿಸಿ ಪ್ರಾಣಕ್ಕೆ ಕುತ್ತು ತರಬಲ್ಲದು, ಅದರ ಒಂದೆರಡು ಎಸಳೂ ಅಪಾಯವೇ. ಅಂಗಡಿಯ ಚೀಟಿಯಲ್ಲಿ ಬರೀ 'ಅಂಬ್ರೆಲಾ ಪ್ಲಾಂಟ್' ಎಂದಿದ್ದರೆ ನಂಬಬೇಡಿರಿ, ಏಕೆಂದರೆ ಸೈಪರಸ್‌ಗೂ, ಬಾಯಿ ಉರಿಸುವ ಶೆಫ್ಲೆರಾಕ್ಕೂ ಅದೇ ಹೆಸರು ಸಲ್ಲುತ್ತದೆ. ಸಸ್ಯಶಾಸ್ತ್ರೀಯ ಹೆಸರನ್ನೇ ಕೇಳಿ ಪಡೆಯುವುದು ಲೇಸು.

ವಿಷವಿಲ್ಲವೆಂದ ಮಾತ್ರಕ್ಕೆ ಮನಬಂದಂತೆ ಮೇಯಲು ಬಿಡಬಾರದು. ಜೇಕಿನ ಎಲೆಯಲ್ಲಿ ಸಿಲಿಕಾ ಇರುತ್ತದೆ. ಹಲವು ಜಾತಿಗಳ ಅಂಚಿನಲ್ಲಿ ಗರಗಸದಂಥ ಸೂಕ್ಷ್ಮ ಹಲ್ಲುಗಳಿದ್ದು, ಅವು ನಮ್ಮ ಬೆರಳನ್ನೂ ಕೊಯ್ಯುತ್ತವೆ. ಬೆಕ್ಕು ಇಂಥ ಉದ್ದನೆಯ ಎಲೆಯನ್ನು ನುಂಗಿ ವಾಂತಿ ಮಾಡುವಾಗ ಅದು ಕೆಲವೊಮ್ಮೆ ಅಂಗುಳಿನ ಹಿಂದೆ, ಮೂಗಿನ ಒಳದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬೆಕ್ಕು ಹಠಾತ್ತನೆ ಸೀನತೊಡಗುತ್ತದೆ, ಮತ್ತೆ ಮತ್ತೆ ಓಕರಿಸುತ್ತದೆ, ಬಾಯಲ್ಲಿ ಏನೂ ಇಲ್ಲದಿದ್ದರೂ ನುಂಗುತ್ತಲೇ ಇರುತ್ತದೆ. ತುದಿ ಕತ್ತರಿಸಿದರೆ ಅಂಚಿನ ಹರಿತ ಹೋಗುವುದಿಲ್ಲವಾದ್ದರಿಂದ, ಅಂಚನ್ನು ಮೆಲ್ಲನೆ ಮುಟ್ಟಿ ನೋಡಿ ಮೆತ್ತಗಿರುವುದನ್ನೇ ಆರಿಸುವುದು ಒಳ್ಳೆಯದು.

ಹೊಸ ಗಿಡವನ್ನು ಕೆಲವು ವಾರ ಬೆಕ್ಕಿನಿಂದ ದೂರವಿಡಿರಿ. ಎಲೆಗಳನ್ನು ತೊಳೆಯುವುದು ಅಗತ್ಯವೇ, ಆದರೆ ಬೇರಿನ ಮೂಲಕ ಗಿಡದೊಳಗೆ ಸೇರಿದ ಕೀಟನಾಶಕ ಅದರಿಂದ ಹೋಗುವುದಿಲ್ಲ. ಹಳೆಯ ಎಲೆಗಳನ್ನು ಕತ್ತರಿಸಿ, ಮಣ್ಣು ಬದಲಿಸಿ, ಹೊಸ ಚಿಗುರಿಗೆ ಕಾಯುವುದು ಹೆಚ್ಚು ಸುರಕ್ಷಿತ. ಸೈಪರಸ್‌ನ ಕುಂಡದ ತಟ್ಟೆಯಲ್ಲಿ ಸದಾ ನೀರು ನಿಲ್ಲಿಸುವ ರೂಢಿಯಿದೆ. ಬೆಕ್ಕು ಅದನ್ನು ಕುಡಿಯುವುದಾದರೆ ಆ ನೀರಿಗೆ ಗೊಬ್ಬರ ಬೆರೆಸಬಾರದು. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಕುಂಡದ ಬಳಿಯೂ ತರಬೇಡಿರಿ. ಪಕ್ಕದಲ್ಲೊಂದು ಸಣ್ಣ ಕುಂಡದಲ್ಲಿ ಗೋಧಿಯನ್ನೋ ಓಟ್ಸನ್ನೋ ಮೊಳೆಯಿಸಿಟ್ಟರೆ ಅದರ ಎಳೆಯ ಚಿಗುರು ಮೆತ್ತಗಿರುವುದರಿಂದ ಎಷ್ಟೋ ಬೆಕ್ಕುಗಳು ಜೇಕನ್ನು ಬಿಟ್ಟು ಅತ್ತ ತಿರುಗುತ್ತವೆ, ಎಲ್ಲವೂ ಅಲ್ಲ.

ಎಲೆ ತಿಂದು ಒಮ್ಮೆ ವಾಂತಿ ಮಾಡಿ, ನಂತರ ಎಂದಿನಂತೆ ಆಡಿ ಉಂಡರೆ ಗಾಬರಿ ಬೇಡ. ವಾಂತಿ ನಿಲ್ಲದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಊಟ ಬಿಟ್ಟು ಮಂಕಾದರೆ ಅಥವಾ ಮೇಲೆ ಹೇಳಿದ ಸೀನು ಬಿಡದಿದ್ದರೆ ಪಶುವೈದ್ಯರಲ್ಲಿಗೆ ಹೋಗಬೇಕು. ಗಿಡದ ಒಂದು ತುಂಡನ್ನೂ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿರಿ. ಮೂಗಿನಿಂದಲೋ ಗುದದ್ವಾರದಿಂದಲೋ ಎಲೆಯ ತುದಿ ಕಂಡರೂ ಎಳೆಯದೆ, ಆ ಕೆಲಸವನ್ನು ವೈದ್ಯರಿಗೇ ಬಿಡಬೇಕು.