ರಾಣಿ ಮೊದಲು, ಆನೆ ಆಮೇಲೆ: ನನ್ನ ಕಿಂಗ್‌ಸೈಡ್ ಅಟ್ಯಾಕ್

ಚೆಸ್‌ನಲ್ಲಿ ಬಿಳಿ ಕಾಯಿ ಬಂದಾಗ ಕೋಲೆ–ಜುಕರ್ಟಾರ್ಟ್ ಅನ್ನುವ ಓಪನಿಂಗ್ (ಆಟ ಶುರುಮಾಡುವ ಕ್ರಮ) ಆಡುತ್ತೇನೆ ಅಂದಾಗ ಮೈಸೂರಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಅದರಲ್ಲಿ ಏನಿದೆ ಸಾರ್? ಸ್ಟಾಕ್‌ಫಿಶ್ ಚೆಸ್ ಪ್ರೋಗ್ರಾಂ ಹಾಕಿ ನೋಡಿ, ಸೊನ್ನೆ ತೋರಿಸುತ್ತೆ, ಅಂದ್ರೆ ಇಬ್ಬರೂ ಸಮ. ಅಟ್ಯಾಕ್ ಬೇಕಾದ್ರೆ ಶುರುವಲ್ಲೇ ಪಾನ್ ಬಲಿ ಕೊಡೋ ಕಿಂಗ್ಸ್ ಗ್ಯಾಂಬಿಟ್ ಆಡಿ" ಅಂದರು. ಈಗ ಬಿಳಿಯಲ್ಲಿ ನನ್ನ ಸ್ಕೋರು ನೂರಕ್ಕೆ 70ರ ಆಸುಪಾಸಿನಲ್ಲಿದೆ. ಹಾಗೆ ಹೇಳಿದವರಲ್ಲೇ ಇಬ್ಬರು ಇದನ್ನು ಆಡಲು ಶುರು ಮಾಡಿದ್ದಾರೆ.

ಜೋಡಣೆ ನಿಮಗೆಲ್ಲ ಗೊತ್ತಿರುವುದೇ (ಅಕ್ಷರ ಬೋರ್ಡಿನ ಕಂಬಸಾಲು, ಅಂಕಿ ಅಡ್ಡಸಾಲು). ಡಿ4, ಇ3, ಬಿ3 ಪಾನ್‌ಗಳು, ಡಿ3 ಮತ್ತು ಬಿ2ರಲ್ಲಿ ಒಂಟೆಗಳು, ಕ್ಯಾಸ್ಲಿಂಗ್, ಇ5ರಲ್ಲಿ ಕುದುರೆ, ಹಿಂದಿನಿಂದ ಎಫ್4. ಇಲ್ಲಿಯವರೆಗೆ ಯಾರು ಬೇಕಾದರೂ ಬರುತ್ತಾರೆ. ಇದರ ನಂತರ ಯಾವ ಕಾಯಿ ಮೊದಲು ಎತ್ತಬೇಕು ಅನ್ನುವುದರಲ್ಲೇ ನನ್ನ ದುಡ್ಡೆಲ್ಲ ಹೋಯಿತು.

ಮೊದಲ ಪೆಟ್ಟು ಎದುರಾಳಿಯ ಸಿ6 ಕುದುರೆಯಿಂದ. ಅದು ಬಿ4ಕ್ಕೆ ಬಂದು ಡಿ3 ಒಂಟೆಯನ್ನು ಕೇಳುತ್ತದೆ. ಆ ಒಂಟೆ ಹೋದರೆ ಎಚ್7 ಮೇಲೆ ಒತ್ತಡವೇ ಇಲ್ಲ, ಅಟ್ಯಾಕ್ ಅಲ್ಲಿಗೇ ಮುಗಿಯಿತು. ಹಾಗಾಗಿ ಎಫ್4ಕ್ಕಿಂತ ಮುಂಚೆ ಎ3 ಆಡುತ್ತೇನೆ. ಸುಮ್ನೆ ಒಂದು ನಡೆ ದಂಡ ಅಂತ ಹೇಳುವವರಿದ್ದಾರೆ. ಆದರೆ ಕಿಂಗ್‌ಸೈಡ್, ಅಂದರೆ ರಾಜನ ಬದಿಯ ದಾಳಿಯ ಮೊದಲ ನಡೆ ಬೋರ್ಡಿನ ಇನ್ನೊಂದು ತುದಿಯಲ್ಲೇ ಇದೆ ಅಂತ ನಾನು ನಂಬಿದ್ದೇನೆ.

ಎರಡನೇ ಪೆಟ್ಟು ಇನ್ನೂ ಜೋರು. ಎಲ್ಲರೂ ಹೇಳಿಕೊಡುವುದು ಆನೆಯನ್ನು ಎಫ್3ಕ್ಕೆ ಎತ್ತಿ ಎಚ್3ಕ್ಕೆ ತನ್ನಿ ಅಂತ. ಎದುರಾಳಿಯ ಒಂಟೆ ಬಿ7ರಲ್ಲಿದ್ದರೆ ಅವನು ಕುದುರೆಯನ್ನು ಇ4ಕ್ಕೆ ಹಾಕುತ್ತಾನೆ. ನಮ್ಮ ಕುದುರೆಯಿಂದ ಅದನ್ನು ಹೊಡೆದರೆ ಅವನ ಡಿ5 ಪಾನ್ ಇ4ಕ್ಕೆ ಬಂದು ಡಿ3 ಒಂಟೆ, ಎಫ್3 ಆನೆ ಎರಡನ್ನೂ ಹಿಡಿಯುತ್ತದೆ. ಒಂಟೆಯಿಂದ ಆ ಪಾನ್ ಹೊಡೆದರೂ ಅವನ ಸಿ6 ಕುದುರೆ ಇ5ರಲ್ಲಿ ಹೊಡೆಯುತ್ತದೆ, ಬಿ7 ಒಂಟೆಯ ದಾರಿ ತೆರೆಯುತ್ತದೆ, ಕೊನೆಗೆ ನಮ್ಮ ಎಫ್3 ಆನೆ ಅವನ ಕುದುರೆಗೆ ಹೋಗುತ್ತದೆ. ಶಿವಮೊಗ್ಗದಲ್ಲಿ, ಮಂಗಳೂರಿನಲ್ಲಿ ಇದೇ ಕಥೆ. ಒಂದೊಂದು ಟೂರ್ನಿಗೆ ಎಂಟ್ರಿ ಫೀ 1,200ರಿಂದ 1,500, ಮೇಲೆ ಬಸ್ಸು, ಲಾಡ್ಜು, ಊಟ. ಒಂದು ವೀಡಿಯೊ ಕೋರ್ಸಿಗೆ ಸುಮಾರು 4 ಸಾವಿರ ಕೊಟ್ಟೆ, ಅದರಲ್ಲೂ ಆನೆಯನ್ನೇ ಎತ್ತಿಸಿದರು. ಎಲ್ಲ ಸೇರಿ 30 ಸಾವಿರ ದಾಟಿರಬೇಕು.

ಪರಿಹಾರ ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣದಲ್ಲಿ ಸಿಕ್ಕಿತು, ಪುಕ್ಕಟೆಯಾಗಿ. ಎಫ್3ಕ್ಕೆ ಆನೆ ಬದಲು ರಾಣಿ ಬಂದರೆ ಅವಳು ಇ4 ಮನೆಯನ್ನೂ ಕಾಯುತ್ತಾಳೆ. ಅದೇ ಇ4 ತಂತ್ರ ಮಾಡಿದವನೇ ಒಂದು ಪಾನ್ ಕಳೆದುಕೊಳ್ಳುತ್ತಾನೆ. ಮುಂದಿನ ನಡೆಯಲ್ಲಿ ರಾಣಿ ಎಚ್3. ಅಲ್ಲಿಂದ ಇ3 ಪಾನನ್ನೂ ಕಾಯುತ್ತಾಳೆ. ಆನೆ ಎಫ್1ರಲ್ಲೇ ಇರಲಿ, ಅವಸರ ಇಲ್ಲ.

ಹುಬ್ಬಳ್ಳಿಯಲ್ಲಿ ಆಡಿದ ಆಟ ಹೇಳುತ್ತೇನೆ. ರಾಣಿ ಎಚ್3ಕ್ಕೆ ಬಂದಾಗ ಕಪ್ಪು ರಾಣಿ ಸಿ7ರಲ್ಲಿ, ಒಂಟೆಗಳು ಬಿ7, ಇ7ರಲ್ಲಿ. ಎದುರಾಳಿ ಸಿ8 ಆನೆಯನ್ನು ಡಿ8ಕ್ಕೆ ತಂದರು, ಇನ್ನೊಂದು ಆನೆ ಎಫ್8ರಲ್ಲೇ ಉಳಿಯಿತು. ಇದು ಮುಖ್ಯ. ಎಫ್8 ಖಾಲಿಯಾದರೆ ರಾಜ ಅಲ್ಲಿಂದ ಜಾರಿಕೊಳ್ಳುತ್ತಾನೆ. ಈಗ ಎಚ್7 ಕಾಯುತ್ತಿದ್ದದ್ದು ರಾಜನನ್ನು ಬಿಟ್ಟರೆ ಎಫ್6 ಕುದುರೆ ಒಂದೇ. ಡಿ4 ಪಾನ್‌ನಿಂದ ಸಿ5 ಹೊಡೆದೆ. ಅವರು ಬಿ ಪಾನ್‌ನಿಂದ ವಾಪಸ್ ಹೊಡೆದರು. ಬಿ2 ಒಂಟೆಗೆ ಅಡ್ಡ ಉಳಿದದ್ದು ನನ್ನದೇ ಇ5 ಕುದುರೆ. ಅದು ಸಿ6ರಲ್ಲಿ ಹೊಡೆಯಿತು, ಅವರು ಒಂಟೆಯಿಂದ ವಾಪಸ್ ಹೊಡೆದರು. ತಕ್ಷಣ ಬಿ2 ಒಂಟೆಯಿಂದ ಎಫ್6 ಕುದುರೆ ಹೊಡೆದೆ. ಒಂಟೆಯಿಂದಾಗಲಿ ಪಾನ್‌ನಿಂದಾಗಲಿ ವಾಪಸ್ ಹೊಡೆದರೆ ರಾಣಿ ಎಚ್7ರಲ್ಲಿ ಮೇಟ್. ಅವರು ತುಂಬಾ ಹೊತ್ತು ಯೋಚಿಸಿ ಜಿ6 ಆಡಿದರು. ನಾನು ಇ7 ಒಂಟೆ ತೆಗೆದೆ. ಪೂರ್ತಿ ಒಂದು ಕಾಯಿ ಜಾಸ್ತಿ, ಆಮೇಲೆ ಕಷ್ಟ ಇರಲಿಲ್ಲ. ಆ ಟೂರ್ನಿಯಲ್ಲಿ ರೇಟಿಂಗ್ ವಿಭಾಗದ ಬಹುಮಾನ ಬಂತು, 5 ಸಾವಿರ ಇರಬೇಕು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಿ3 ಬದಲು ಸಿ3 ಇಟ್ಟು, ಪಾನ್‌ಗಳನ್ನು ಗೋಡೆಯಂತೆ ನಿಲ್ಲಿಸುವ ಸ್ಟೋನ್‌ವಾಲ್ ಆಡಿ ನೋಡಿದೆ. ಸಿ1 ಒಂಟೆ ಮೂಟೆ ಕಟ್ಟಿದ ಹಾಗೆ ಕೂತುಬಿಡುತ್ತದೆ. 1889ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ ಲಾಸ್ಕರ್, ಬಾವರ್ ವಿರುದ್ಧ ಎರಡೂ ಒಂಟೆ ಬಲಿ ಕೊಟ್ಟ ಆಟ ಎಲ್ಲರ ತಲೆಯಲ್ಲೂ ಇರುತ್ತದೆ ಅಲ್ವಾ? ಕೆಲವೇ ನಿಮಿಷದ ಬ್ಲಿಟ್ಜ್ ಆಟಗಳಲ್ಲಿ ಅದನ್ನೂ ಮಾಡಿದೆ. ಒಂದು ನಡೆಯಲ್ಲಿ ಎಫ್3ಕ್ಕೆ ಏರಿ ಮುಂದಿನ ನಡೆಯಲ್ಲಿ ಎಚ್3 ಸೇರುವ ಆನೆ ಲಾಸ್ಕರ್‌ಗೆ ಇತ್ತು. ಆ ಮೂರನೇ ಕಾಯಿ ಇಲ್ಲದಿದ್ದರೆ ಎರಡು ಚೆಕ್ ಕೊಟ್ಟು ಕೈ ಖಾಲಿ. ಅಟ್ಯಾಕ್‌ಗೆ ಆನೆ ಬೇಕಾಗುವುದು ಇಂಥ ಕಡೆ.

2024ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 2000ಕ್ಕಿಂತ ಕೆಳಗಿನವರ ರೇಟಿಂಗ್ ಏರಿಸಿದಾಗ ನನ್ನದೂ 1290ರಿಂದ 1570ರ ಹತ್ತಿರ ಹೋಯಿತು. ಆಮೇಲೆ ಏರಿದ್ದು ಮಾತ್ರ ಈ ರಾಣಿಯ ದುಡಿಮೆ.

ಕಪ್ಪು ಒಂಟೆ ಇ7 ಬದಲು ಡಿ6ಕ್ಕೆ ಬಂದರೆ ನನ್ನ ನಡೆಗಳ ಕ್ರಮ ಬೇರೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಮಂಡ್ಯ, ಮೈಸೂರು ಟೂರ್ನಿಗಳಲ್ಲಿ ಎದುರು ಕೂರುವವರು ನೀವೇ ತಾನೆ. ಶುರುವಿನಲ್ಲೇ ಜಿ6 ಇಟ್ಟು ಒಂಟೆಯನ್ನು ಜಿ7ರಲ್ಲಿ ಕೂರಿಸುವವರ ಮೇಲಂತೂ ಇದನ್ನು ಪ್ರಯೋಗಿಸಬೇಡಿ. ಡಿ3 ಒಂಟೆಯ ದಾರಿ ಅಲ್ಲೇ ಕಟ್ಟಾಗುತ್ತದೆ. ಅಂಥವರಿಗೆ ನಾನು ಸಿ4 ಆಡಿ ಬೇರೆ ಆಟಕ್ಕೇ ಹೋಗುತ್ತೇನೆ.