ಚಳಿಗಾಲಕ್ಕೆ ಸ್ನಾಪ್‌ಡ್ರ್ಯಾಗನ್: ಬೀಜ ಮುಚ್ಚಬೇಡಿ, ಕುಡಿ ಚಿವುಟಿ

ಜನವರಿಯಲ್ಲಿ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆ ಸ್ನಾಪ್‌ಡ್ರ್ಯಾಗನ್ ಮೇಲೆ ಆಸೆ ಹುಟ್ಟುತ್ತದೆ. ಆಗ ನರ್ಸರಿಯಿಂದ ಹೂ ಬಿಟ್ಟ ಕುಂಡ ತಂದರೆ ದುಡ್ಡು ದಂಡ. ಏಪ್ರಿಲ್ ಹೊತ್ತಿಗೆ ಗಿಡ ಬಿಸಿಲಿಗೆ ಸೊರಗಿರುತ್ತದೆ. ಮೆಡಿಟರೇನಿಯನ್ ಸೀಮೆಯಿಂದ ಬಂದ ಈ ಗಿಡಕ್ಕೆ ತಂಪು ಹವೆಯೇ ಹಿತ. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನಂಥ ಊರುಗಳಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದರೆ ಮೂರು-ನಾಲ್ಕು ತಿಂಗಳಲ್ಲಿ ಹೂ. ಕರಾವಳಿಯ ಸೆಕೆಯಲ್ಲಿ ಇದರೊಂದಿಗೆ ಗುದ್ದಾಡುವುದಕ್ಕಿಂತ ಚೆಂಡುಹೂವೇ ಲೇಸು.

ಬೀಜ ಧೂಳಿನಷ್ಟು ಸಣ್ಣ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಒಂದು ಚಿಟಿಕೆ ಬೀಜವನ್ನು ಒಣ ಮರಳಿನೊಂದಿಗೆ ಬೆರೆಸಿ, ತೇವ ಮಾಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಯ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಮೇಲೆ ಮಣ್ಣು ಮುಚ್ಚಲೇಬೇಡಿ. ಮೊಳಕೆಗೆ ಬೆಳಕು ಬೇಕು. ಬೀಜ ಕೆಟ್ಟದ್ದೆಂದು ಅಂಗಡಿಯವನನ್ನು ಬೈಯುವವರಲ್ಲಿ ಹೆಚ್ಚಿನವರು ಅದನ್ನು ಹೂತಿಟ್ಟವರೇ. ಮೇಲಿನಿಂದ ನೀರು ಸುರಿಯದೆ ಟ್ರೇಯನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಒಂದೆರಡು ವಾರದಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ.

ಎರಡು ಜೊತೆ ಎಲೆ ಬಂದ ಮೇಲೆ ಸಸಿಗಳನ್ನು ಬೇರ್ಪಡಿಸಿ ನೆಡಿ. ಕೆಮ್ಮಣ್ಣು, ಎರೆಗೊಬ್ಬರ, ಮರಳು ಸಮಪಾಲು ಸಾಕು. ನೀರು ಮಾತ್ರ ನಿಲ್ಲಬಾರದು. ಗಿಡ್ಡ ತಳಿಗೆ ಆರಂಗುಲದ ಅಂತರ, ಎತ್ತರದ ತಳಿಗೆ ಒಂಬತ್ತರಿಂದ ಹನ್ನೆರಡು ಅಂಗುಲ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಲಿ.

ಸಸಿ ನಾಲ್ಕಂಗುಲ ಎತ್ತರವಾದಾಗ ನೆತ್ತಿಯ ಕುಡಿಯನ್ನು ಉಗುರಿನಿಂದ ಚಿವುಟಿಹಾಕಿ. ಮನಸ್ಸು ಬಾರದು, ಆದರೂ ಚಿವುಟಿ. ಹಾಗೆ ಬಿಟ್ಟರೆ ಒಂದೇ ಕಡ್ಡಿಯಲ್ಲಿ ಹೂ. ಚಿವುಟಿದರೆ ಪ್ರತಿ ಎಲೆಯ ಸಂದಿಯಿಂದ ಕವಲೊಡೆದು ಐದಾರು ಗೊನೆ. ಹೂ ಒಂದೆರಡು ವಾರ ತಡವಾಗುತ್ತದೆ, ಅಷ್ಟೇ. ಹೂ ಬಂದಾಗ ಮಕ್ಕಳನ್ನು ಕರೆದು, ಒಂದು ಹೂವಿನ ಎರಡೂ ಕೆನ್ನೆ ಒತ್ತಿ ತೋರಿಸಿ: ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಆ ಬಾಗಿಲು ತಳ್ಳಿ ಒಳಹೋಗಲು ದುಂಬಿಗೂ ಮೈಕಸುವು ಬೇಕು.

ಕಾಡುವ ರೋಗವೆಂದರೆ ತುಕ್ಕು. ಎಲೆಯ ಅಡಿಯಲ್ಲಿ ಕಂದು ಪುಡಿಯ ಗುಳ್ಳೆಗಳು ಕಂಡರೆ ಆ ಎಲೆ ಕಿತ್ತು ದೂರ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬೆಳಗ್ಗೆಯೇ ಬುಡಕ್ಕೆ ಮಾತ್ರ ನೀರು ಕೊಟ್ಟರೆ ಅರ್ಧ ಕಾಟ ತಪ್ಪುತ್ತದೆ. ಕುಡಿಗೆ ಗಿಡಹೇನು ಮುತ್ತಿದರೆ ಬೇವಿನೆಣ್ಣೆ ಸಿಂಪಡಿಸಿ.

ಬಾಡಿದ ಗೊನೆಯನ್ನು ಕತ್ತರಿಸುತ್ತಿದ್ದರೆ ಹೊಸ ಗೊನೆ ಬರುತ್ತಿರುತ್ತದೆ. ಬೀಜ ಬೇಕೆಂದರೆ ಒಂದು ಗೊನೆಯನ್ನು ಕತ್ತರಿಸದೆ ಬಿಡಿ. ಹೈಬ್ರಿಡ್ ತಳಿಯಾದರೆ ಆ ಗೋಜು ಬೇಡ. ಮುಂದಿನ ವರ್ಷ ಅದೇ ಬಣ್ಣ, ಅದೇ ಎತ್ತರ ಬರುವ ಖಾತರಿಯಿಲ್ಲ.