ಪಾಸ್‌ಫ್ರೇಸ್ ಸರಿ ಇತ್ತು, ಕೀಬೋರ್ಡ್ ಕನ್ನಡದಲ್ಲಿತ್ತು

2021ರ ಆಗಸ್ಟ್ 13ರಿಂದ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಬರೀ ಪಾಸ್‌ವರ್ಡ್ ಕೊಟ್ಟು ಕೋಡ್ ಪುಶ್ ಮಾಡುವುದು, ಅಂದರೆ ನಮ್ಮ ಕಂಪ್ಯೂಟರಿನಿಂದ ಅಲ್ಲಿಗೆ ಕಳಿಸುವುದು, ನಿಂತುಹೋಯಿತು. ಆಗ ನಾನೂ ಗಡಿಬಿಡಿಯಲ್ಲಿ ಒಂದು ಎಸ್‌ಎಸ್‌ಎಚ್ ಕೀ ಮಾಡಿಕೊಂಡೆ. ಪಾಸ್‌ವರ್ಡ್ ಬದಲು ನಮ್ಮ ಗುರುತು ತೋರಿಸುವ ಜೋಡಿ ಫೈಲು ಅದು: ಗುಟ್ಟಾಗಿಡುವ ಪ್ರೈವೇಟ್ ಕೀ, ಗಿಟ್‌ಹಬ್‌ಗೆ ಕೊಡುವ ಪಬ್ಲಿಕ್ ಕೀ. ಪ್ರೈವೇಟ್ ಕೀಗೆ ಬೀಗ ಹಾಕುವ ಪಾಸ್‌ಫ್ರೇಸ್ ಕೇಳಿದಾಗ ಏನೂ ಬರೆಯದೆ ಸುಮ್ನೆ ಎರಡು ಸಲ ಎಂಟರ್ ಒತ್ತಿದೆ. ಮೊದಲ ಸಲ ಎಲ್ಲರೂ ಮಾಡುವುದು ಅದನ್ನೇ ಅಲ್ವಾ?

ಎರಡು ವರ್ಷದ ಮೇಲೆ ಮನೆಯ ಡೆಸ್ಕ್‌ಟಾಪ್ ಕೆಟ್ಟಿತು. ಡಿಸ್ಕ್ ಸಮೇತ ರಿಪೇರಿಗೆ ಕೊಟ್ಟು ಬಂದೆ. ರಾತ್ರಿ ಊಟಕ್ಕೆ ಕೂತಾಗ ತಲೆಗೆ ಹೊಳೆಯಿತು: ನನ್ನ ಪ್ರೈವೇಟ್ ಕೀ ಅದರೊಳಗೇ ಇದೆ. ಅದು ಒಂದು ಸಣ್ಣ ಫೈಲ್, ಅಷ್ಟೇ. ಯಾರಾದರೂ ಪೆನ್‌ಡ್ರೈವಿಗೆ ಹಾಕಿಕೊಂಡರೆ ನನ್ನ ಹೆಸರಲ್ಲಿ ಪುಶ್ ಮಾಡಬಹುದು. ಹಾಗೇನೂ ಆಗಲಿಲ್ಲ ಬಿಡಿ. ಆದರೂ ಕೈ ತೊಳೆದು ಬಂದವನೇ ಫೋನಿನಲ್ಲಿ ಗಿಟ್‌ಹಬ್ ತೆರೆದು ಹಳೇ ಕೀ ಅಳಿಸಿದೆ.

ಡೆಸ್ಕ್‌ಟಾಪ್ ವಾಪಸ್ ಬಂದ ಮೇಲೆ ಹೊಸ ಕೀ. ನನ್ನದು ಉಬುಂಟು ಲಿನಕ್ಸ್. ಕೀ ಮಾಡಿಕೊಡುವ ಎಸ್‌ಎಸ್‌ಎಚ್-ಕೀಜೆನ್ ಪ್ರೋಗ್ರಾಂ ಓಡಿಸಿ, ಇಡಿ25519 ಬಗೆಯದ್ದು ಬೇಕು ಅಂತ ಕೊಟ್ಟೆ. ಜೊತೆಗೆ ಮೈನಸ್ ಎ ಅಂತ ಬರೆದು 100 ಹಾಕಿದೆ. ಇದರಿಂದ ಫೈಲ್ ಕದ್ದವನು ಪಾಸ್‌ಫ್ರೇಸ್ ಊಹಿಸುತ್ತಾ ಕೂತರೆ ಒಂದೊಂದು ಪ್ರಯತ್ನಕ್ಕೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಪಾಸ್‌ಫ್ರೇಸ್‌ಗೆ ಕೊಡೆ, ಹುಣಸೆ, ಟಪಾಲು ಥರದ ಸಂಬಂಧವಿಲ್ಲದ ಆರು ಪದ ಆರಿಸಿದೆ. ಗಾದೆ, ಹಾಡಿನ ಸಾಲು ಬೇಡ. ಅವು ಬೇರೆಯವರ ಬಾಯಲ್ಲೂ ಇರುತ್ತವೆ.

ಇಂಥ ಆಜ್ಞೆ ಬರೆಯುವ ಟರ್ಮಿನಲ್‌ನಲ್ಲಿ ಪಾಸ್‌ಫ್ರೇಸ್ ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ. ಅಕ್ಷರ ಹೋಗಲಿ, ಚುಕ್ಕಿಯೂ ಬರುವುದಿಲ್ಲ. ನಾನು ಎಡವಿದ್ದು ಇಲ್ಲೇ. ಎರಡು ಸಲ ಟೈಪ್ ಮಾಡಿದೆ, ಎರಡೂ ಹೊಂದಿತು, ಕೀ ತಯಾರಾಯಿತು. ಪಬ್ ಅಂತ ಕೊನೆಯಾಗುವ ಪಬ್ಲಿಕ್ ಕೀ ಫೈಲಿನ ಒಂದು ಸಾಲನ್ನು ಗಿಟ್‌ಹಬ್ ಸೆಟ್ಟಿಂಗ್ಸ್‌ಗೆ ಅಂಟಿಸಿದೆ. ಮರುದಿನ ಬೆಳಿಗ್ಗೆ ಪುಶ್ ಮಾಡಿದರೆ ಪಾಸ್‌ಫ್ರೇಸ್ ಕೇಳುವ ಕಿಟಕಿ ಬಂತು. ಹಾಕಿದೆ, ತಪ್ಪು. ನಿಧಾನಕ್ಕೆ ಹಾಕಿದೆ, ಮತ್ತೆ ತಪ್ಪು. ಒಂದೇ ರಾತ್ರಿಯಲ್ಲಿ ಮರೆತೆನಾ?

ಕಾಫಿ ಕುಡಿಯುವಾಗ ನೆನಪಾಯಿತು. ಹಿಂದಿನ ರಾತ್ರಿ ಅಣ್ಣನಿಗೆ ಕನ್ನಡದಲ್ಲಿ ಉದ್ದದ ಮೇಲ್ ಬರೆದಿದ್ದೆ. ಕೀಬೋರ್ಡ್ ಕಗಪ ಅನ್ನುವ ಕನ್ನಡ ವಿನ್ಯಾಸದಲ್ಲೇ ಉಳಿದಿತ್ತು. ನಾನು ಇಂಗ್ಲಿಷ್ ಅಕ್ಷರ ಅಂತ ಒತ್ತಿದ್ದೆಲ್ಲ ಒಳಗೆ ಕನ್ನಡವಾಗಿ ಕೂತಿತ್ತು. ಎರಡೂ ಸಲ ಒಂದೇ ತಪ್ಪು, ಹಾಗಾಗಿ ಹೊಂದಿತ್ತು! ಪಾಸ್‌ಫ್ರೇಸ್ ನಿಜಕ್ಕೂ ಮರೆತರೆ ಬೇರೆ ದಾರಿಯೇ ಇಲ್ಲ, ಹೊಸ ಕೀ ಮಾಡಬೇಕು. ನನಗೆ ಅಷ್ಟು ಬೇಕಾಗಲಿಲ್ಲ. ಎಸ್‌ಎಸ್‌ಎಚ್-ಕೀಜೆನ್‌ಗೆ ಮೈನಸ್ ಪಿ ಕೊಟ್ಟು, ಹಳೆಯದನ್ನು ಕಗಪದಲ್ಲಿ ಹೊಡೆದು, ಕೀಬೋರ್ಡ್ ಇಂಗ್ಲಿಷಿಗೆ ತಿರುಗಿಸಿ ಹೊಸದನ್ನು ಹಾಕಿದೆ. ಬದಲಾದದ್ದು ಬೀಗದ ಮಾತು ಮಾತ್ರ, ಕೀ ಅದೇ. ಗಿಟ್‌ಹಬ್‌ನಲ್ಲಿ ಏನೂ ಮುಟ್ಟಬೇಕಾಗಲಿಲ್ಲ.

ಪ್ರತಿ ಪುಶ್‌ಗೂ ಆರು ಪದ ಕುಟ್ಟಬೇಕಾ ಅಂತ ಹೆದರಿದ್ದೆ. ಇಲ್ಲ. ಬೆಳಿಗ್ಗೆ ಒಂದು ಸಲ ಹಾಕಿದರೆ ಏಜೆಂಟ್ ಅನ್ನುವ ಪ್ರೋಗ್ರಾಂ ಲಾಗೌಟ್ ಆಗುವವರೆಗೆ ಕೀಯನ್ನು ನೆನಪಿಟ್ಟುಕೊಳ್ಳುತ್ತದೆ. ಲಾಗಿನ್ ಆದಾಗೆಲ್ಲ ತಾನೇ ತೆರೆದುಕೊಳ್ಳಲಿ ಅನ್ನುವ ಟಿಕ್ ಬಾಕ್ಸ್ ಕೂಡ ಆ ಕಿಟಕಿಯಲ್ಲಿದೆ. ನಾನು ಹಾಕಿಲ್ಲ. ನಮ್ಮ ಮನೆಯಲ್ಲಿ ಲಾಗಿನ್ ಪಾಸ್‌ವರ್ಡ್ ಮಕ್ಕಳಿಗೂ ಗೊತ್ತು.

ಲ್ಯಾಪ್‌ಟಾಪ್‌ಗೆ ಈ ಕೀ ಕಾಪಿ ಮಾಡಲಿಲ್ಲ, ಅದಕ್ಕೆ ಬೇರೆಯದೇ ಮಾಡಿದೆ. ಗಿಟ್‌ಹಬ್ ಪಟ್ಟಿಯಲ್ಲಿ ಈಗ ಎರಡು ಹೆಸರಿವೆ: ಮನೆ ಡೆಸ್ಕ್‌ಟಾಪ್, ಬ್ಯಾಗಿನ ಲ್ಯಾಪ್‌ಟಾಪ್. ಯಾವುದು ರಿಪೇರಿಗೆ ಹೋಗುತ್ತೋ ಅದನ್ನಷ್ಟೇ ಅಳಿಸಿದರಾಯಿತು.